ಶಾಲೆಯ ಅಟ್ಟದಲ್ಲಿ ಯಾರ ಮನೆ?

ಇಂಗ್ಲಿಷಿನ ಲಾಫ್ಟ್ ಎಂಬ ಪದಕ್ಕೆ ನಮ್ಮಲ್ಲಿರುವ ಹತ್ತಿರದ ಪದ ಅಟ್ಟ. ಕರಾವಳಿಯ ಹಂಚಿನ ಮನೆಗಳಲ್ಲಿ ಅಟ್ಟವೆಂದರೆ ತೆಂಗಿನಕಾಯಿ ರಾಶಿ ಹಾಕುವ, ಹಳೆಯ ಹಂಡೆಗಳನ್ನೂ ಮದುವೆಗೆ ಮಾತ್ರ ಕೆಳಗಿಳಿಯುವ ದೊಡ್ಡ ಪಾತ್ರೆಗಳನ್ನೂ ಇಡುವ ಜಾಗ. ನೆಂಟರು ಹೆಚ್ಚಾದ ದಿನ ಹುಡುಗರನ್ನು ಚಾಪೆ ಕೊಟ್ಟು ಅಲ್ಲಿಗೆ ಹತ್ತಿಸುತ್ತಿದ್ದರು. ಅಟ್ಟದಲ್ಲಿ ಮಲಗುವುದು ಯಾರಿಗೂ ಪ್ರತಿಷ್ಠೆಯ ವಿಷಯವಾಗಿರಲಿಲ್ಲ. ಆದರೆ ಪಶ್ಚಿಮದ ದೊಡ್ಡ ನಗರಗಳಲ್ಲಿ ಇಂದು ಲಾಫ್ಟ್ ಮನೆಯೆಂದರೆ ಜನ ಪೈಪೋಟಿಯಿಂದ ಕೊಳ್ಳುವ ಸರಕು. ಹಳೆಯ ಗೋದಾಮು, ಕಾರ್ಖಾನೆ, ಶಾಲೆಗಳ ಎತ್ತರದ ಕೋಣೆಗಳಲ್ಲಿ ಅರ್ಧಕ್ಕೆ ಒಂದು ಅಟ್ಟ ಕಟ್ಟಿ, ಕೆಳಗೆ ಅಡುಗೆಮನೆ ಮತ್ತು ಹಾಲ್, ಮೇಲೆ ಮಲಗುವ ಜಾಗ ಮಾಡಿ ಮಾರುತ್ತಾರೆ. ಗೋಡೆಯ ಗಾರೆ ಕೆತ್ತಿ ಇಟ್ಟಿಗೆ ಕಾಣುವಂತೆ ಬಿಡುವುದು, ಕಬ್ಬಿಣದ ತೊಲೆಗೆ ಬಣ್ಣ ಬಳಿದು ಎದ್ದು ಕಾಣುವಂತೆ ಮಾಡುವುದು ಅದರ ಶೈಲಿ. ಊರಿನಲ್ಲಾದರೆ 'ಪಾಪ, ಗಾರೆ ಮಾಡಿಸಲು ಹಣ ಸಾಕಾಗಲಿಲ್ಲ' ಎಂದು ಮರುಗುವ ಗೋಡೆಗೆ ಇಲ್ಲಿ ಹೆಚ್ಚಿನ ಬೆಲೆ.

ಈ ಶೈಲಿಯ ಹುಟ್ಟು ಬಡತನದಲ್ಲೇ. ನ್ಯೂಯಾರ್ಕಿನ ಸೋಹೋ ಪ್ರದೇಶದ ಹಳೆಯ ಕಾರ್ಖಾನೆ ಮತ್ತು ಗೋದಾಮುಗಳು ಎರಡನೇ ಮಹಾಯುದ್ಧದ ಬಳಿಕ ಒಂದೊಂದಾಗಿ ಖಾಲಿಯಾದವು. ಬಾಡಿಗೆ ಕಡಿಮೆ, ಬೆಳಕು ಧಾರಾಳ. ದೊಡ್ಡ ಚಿತ್ರ ಬರೆಯಲು ಜಾಗ ಬೇಕಾಗಿದ್ದ ಕಲಾವಿದರು ಕಾನೂನಿನ ಕಣ್ಣು ತಪ್ಪಿಸಿ ಅಲ್ಲಿ ವಾಸಿಸತೊಡಗಿದರು. 1971ರಲ್ಲಿ ನಗರಾಡಳಿತ ಕಲಾವಿದರಿಗೆ ಅಲ್ಲಿ ವಾಸಿಸಲು ಅನುಮತಿ ನೀಡಿತು. 1982ರಲ್ಲಿ ಇಂತಹ ಬಾಡಿಗೆದಾರರ ರಕ್ಷಣೆಗೆ ನ್ಯೂಯಾರ್ಕ್ ರಾಜ್ಯ ಒಂದು ಕಾನೂನನ್ನೇ ತಂದಿತು. ಅಷ್ಟರಲ್ಲಿ ಬಡವರ ಉಪಾಯ ಶ್ರೀಮಂತರ ಅಭಿರುಚಿಯಾಗಿತ್ತು. ಲಂಡನ್ನಿಗೆ ಈ ಗಾಳಿ ಬಲವಾಗಿ ಬೀಸಿದ್ದು 1990ರ ದಶಕದಲ್ಲಿ. ಮ್ಯಾನ್‌ಹಟನ್ ಲಾಫ್ಟ್ ಕಾರ್ಪೊರೇಷನ್ ಎಂಬ ಕಂಪೆನಿ ಅಲ್ಲಿ ಆರಂಭವಾದದ್ದು 1992ರಲ್ಲಿ. ಹೆಸರೇ ಹೇಳುವಂತೆ, ಅದು ಮಾರಿದ್ದು ನ್ಯೂಯಾರ್ಕಿನ ಕನಸನ್ನು. ಗೋದಾಮುಗಳ ಜೊತೆಗೆ ಹಳೆಯ ಶಾಲೆಗಳ ಮೇಲೂ ಕಟ್ಟಡ ವ್ಯಾಪಾರಿಗಳ ಕಣ್ಣು ಬಿತ್ತು.

ನಾವು ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಿಂದ ಬಂದು ಪೂರ್ವ ಲಂಡನ್ನಿನಲ್ಲಿ ನೆಲೆಸಿದ ದಂಪತಿ. ನಮ್ಮಲ್ಲೊಬ್ಬರಿಗೆ ಆಸ್ಪತ್ರೆಯಲ್ಲಿ ಕೆಲಸ, ಇನ್ನೊಬ್ಬರಿಗೆ ಕಚೇರಿಯಲ್ಲಿ. ಇಬ್ಬರು ಮಕ್ಕಳು. ಬಾಡಿಗೆ ವರ್ಷ ವರ್ಷ ಏರುತ್ತಿದ್ದುದರಿಂದ ಸಾಲ ಮಾಡಿಯಾದರೂ ಒಂದು ಸಣ್ಣ ಮನೆ ಕೊಳ್ಳೋಣವೆಂದು ಕೆಲವು ತಿಂಗಳು ಅಲೆದೆವು. ಹಾಗೆ ಅಲೆಯುವಾಗ ಮಾರಾಟಕ್ಕಿದ್ದ ಒಂದು ಲಾಫ್ಟ್ ಮನೆಯನ್ನೂ ನೋಡಲು ಹೋದೆವು. ಅದು ಸುಮಾರು 130 ವರ್ಷ ಹಳೆಯ ಶಾಲೆಯೊಂದರ ಎರಡನೇ ಮಹಡಿಯ ತರಗತಿ ಕೋಣೆ.

ಒಳಗೆ ಕಾಲಿಟ್ಟೊಡನೆ ನಾವಿಬ್ಬರೂ ಮಾತು ನಿಲ್ಲಿಸಿದ್ದು ನಿಜ. ಹದಿಮೂರು ಹದಿನಾಲ್ಕು ಅಡಿ ಎತ್ತರದ ಸೂರು. ಸೊಂಟದೆತ್ತರದಿಂದ ಹೆಚ್ಚುಕಡಿಮೆ ಸೂರಿನವರೆಗೂ ಎದ್ದು ನಿಂತ ಕಿಟಕಿಗಳು. ಲಂಡನ್ನಿನ ಬೂದು ಮಧ್ಯಾಹ್ನದಲ್ಲೂ ಕೋಣೆ ತುಂಬ ಬೆಳಕು. ಕರಿಹಲಗೆ ಇದ್ದ ಗೋಡೆಗೆ ಈಗ ಅಡುಗೆಮನೆಯ ಕಪಾಟುಗಳು. ಅದರ ಮೇಲೆ ಅಟ್ಟ, ಅಟ್ಟದಲ್ಲಿ ಹಾಸಿಗೆ, ಹತ್ತಲು ಕಡಿದಾದ ಕಬ್ಬಿಣದ ಮೆಟ್ಟಿಲು. ಅಟ್ಟವನ್ನು ಕಿಟಕಿಯಿಂದ ಹಿಂದಕ್ಕೆ ಸರಿಸಿ ಕಟ್ಟಿದ್ದರು. ಏಕೆಂದು ಕೇಳಿದಾಗ ಮನೆ ತೋರಿಸಲು ಬಂದ ಯುವಕ ವಿವರಿಸಿದ: ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿರುವುದರಿಂದ ಹೊರಗಿನಿಂದ ನೋಡುವಾಗ ಕಿಟಕಿಯ ನಡುವೆ ನೆಲ ಅಡ್ಡ ಬರಬಾರದು, ಕಿಟಕಿಯ ಚೌಕಟ್ಟನ್ನೂ ಬದಲಾಯಿಸಬಾರದು. ಚಳಿಗಾಲದಲ್ಲಿ ಬಿಸಿಗಾಳಿಯೆಲ್ಲ ಮೇಲೇರಿ ಕೆಳಗೆ ಕುಳಿತವರಿಗೆ ಕಾಲು ಮರಗಟ್ಟುತ್ತದೆಂಬುದನ್ನು ಮಾತ್ರ ಅವನು ಹೇಳಲಿಲ್ಲ. ನಮ್ಮ ಮೂರು ವರ್ಷದ ಮಗಳು ಆ ಮೆಟ್ಟಿಲು ಹತ್ತಲು ಹೊರಟಾಗ ಅವನೇ ಓಡಿಬಂದು ತಡೆದ. 'ಮಕ್ಕಳಿರುವವರು ಸಾಮಾನ್ಯವಾಗಿ ಇಲ್ಲಿಗೆ ಬರುವುದಿಲ್ಲ' ಎಂದು ನಕ್ಕ. ಅವನು ಸಹಜವಾಗಿ ಆಡಿದ ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಮಕ್ಕಳಿಗಾಗಿಯೇ ಕಟ್ಟಿದ ಕಟ್ಟಡಕ್ಕೆ ಮಕ್ಕಳಿರುವವರು ಬರುವುದಿಲ್ಲ!

ಆ ರಾತ್ರಿ ಊರಿಗೆ ಫೋನ್ ಮಾಡಿದಾಗ ಉಮ್ಮನಿಗೆ ಸಂಗತಿ ಹೇಳಿದೆವು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಶಾಲೆಯಲ್ಲಿ ಮನೆಯಾ? ಏನು, ಅಲ್ಲಿ ನೆರೆ ಬಂದಿದೆಯಾ?" ಎಂದರು.

ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ನೇತ್ರಾವತಿ ಉಕ್ಕಿದ ವರ್ಷಗಳಲ್ಲಿ ನಮ್ಮ ಕಡೆ ತಗ್ಗಿನ ಮನೆಗಳವರು ಮಕ್ಕಳು ಮರಿಗಳೊಂದಿಗೆ ಶಾಲೆಗೆ ಬಂದು ತಂಗುತ್ತಾರೆ. ಅಲ್ಲಿ ಗಂಜಿ ಕೇಂದ್ರ ತೆರೆಯುತ್ತಾರೆ. ನೀರು ಇಳಿದ ಮೇಲೆ ಜನ ತಮ್ಮ ತಮ್ಮ ಮನೆಗೆ, ಮಕ್ಕಳು ಮತ್ತೆ ಬೆಂಚಿಗೆ. ಉಮ್ಮನಿಗೆ ಗೊತ್ತಿರುವ 'ಶಾಲೆಯಲ್ಲಿ ಮನೆ' ಅದೊಂದೇ.

"ನೆರೆ ಇಲ್ಲ ಉಮ್ಮ, ಶಾಲೆಯನ್ನೇ ಮಾರಿದ್ದಾರೆ" ಎಂದೆವು.

"ಶಾಲೆಯನ್ನು ಮಾರಲು ಅದು ಯಾರದು?" ಎಂದು ಅವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ತಿಳಿದ ಸಂಗತಿಗಳೇ ಈ ಬರಹ.

ಇಂತಹ ಕಟ್ಟಡಗಳನ್ನು ಲಂಡನ್ನಿನಲ್ಲಿ ಇಂದಿಗೂ ಬೋರ್ಡ್ ಶಾಲೆ ಎನ್ನುತ್ತಾರೆ. ಈ ಹೆಸರು ಕೇಳಿ ನಮಗೆ ಪುಳಕವಾಯಿತು. ಮದರಾಸು ಪ್ರಾಂತ್ಯದ ಕಾಲದಲ್ಲಿ ದಕ್ಷಿಣ ಕನ್ನಡದ ಶಾಲೆಗಳನ್ನು ಜಿಲ್ಲಾ ಬೋರ್ಡು ನಡೆಸುತ್ತಿತ್ತು. ನಮ್ಮ ಅಜ್ಜಂದಿರು ಬೋರ್ಡ್ ಶಾಲೆ, ಬೋರ್ಡ್ ಹೈಸ್ಕೂಲು ಎಂದೇ ಹೇಳುತ್ತಿದ್ದರು. ಮೊಹರು ಬೇರೆ ಬೇರೆಯಾದರೂ ಎರಡೂ ಬೋರ್ಡುಗಳ ಹಿಂದಿದ್ದ ವಿಚಾರ ಒಂದೇ: ಊರಿನ ಮಕ್ಕಳ ಶಾಲೆಯ ಹೊಣೆ ಊರಿನದೇ, ಅದರ ಖರ್ಚು ತೆರಿಗೆಯಿಂದ.

ಇಂಗ್ಲೆಂಡಿನಲ್ಲಿ ಈ ವಿಚಾರ ಕಾನೂನಾದದ್ದು 1870ರ ಪ್ರಾಥಮಿಕ ಶಿಕ್ಷಣ ಕಾಯಿದೆಯಿಂದ. ಅದಕ್ಕೆ ಮೊದಲು ಬಡವರ ಮಕ್ಕಳಿಗೆ ಶಾಲೆ ಎಂದರೆ ಹೆಚ್ಚಾಗಿ ಚರ್ಚುಗಳು ನಡೆಸಿದ್ದು, ಇಲ್ಲವೇ ದಾನಿಗಳ ದಯೆಯಿಂದ ನಡೆದದ್ದು. ಅದೇ ವರ್ಷ ಲಂಡನ್ ಶಾಲಾ ಮಂಡಳಿಗೆ ಚುನಾವಣೆ ನಡೆಯಿತು. ಬ್ರಿಟಿಷ್ ಸಂಸತ್ತಿಗೆ ಹೆಂಗಸರು ಮತ ಹಾಕುವಂತಿಲ್ಲದ ಕಾಲದಲ್ಲಿ ಈ ಮಂಡಳಿಗೆ ಅವರು ಸ್ಪರ್ಧಿಸಬಹುದಾಗಿತ್ತು. ವೈದ್ಯೆ ಎಲಿಜಬೆತ್ ಗ್ಯಾರೆಟ್, ಸ್ತ್ರೀ ಶಿಕ್ಷಣಕ್ಕಾಗಿ ಹೋರಾಡಿದ ಎಮಿಲಿ ಡೇವಿಸ್ ಇಬ್ಬರೂ ಮೊದಲ ಚುನಾವಣೆಯಲ್ಲೇ ಗೆದ್ದರು. ಮಂಡಳಿಯ ಶಾಲೆಗಳಲ್ಲಿ ಯಾವುದೇ ಒಂದು ಪಂಥದ ಧರ್ಮಬೋಧೆ ಕೂಡದೆಂದು ಕಾಯಿದೆಯೇ ವಿಧಿಸಿತು. ಧರ್ಮಪಾಠ ಬೇಡವೆನ್ನುವ ಪೋಷಕರು ಮಕ್ಕಳನ್ನು ಅದರಿಂದ ಹೊರಗಿಡಬಹುದಿತ್ತು. 1880ರಲ್ಲಿ ಶಾಲೆಗೆ ಹೋಗುವುದು ಕಡ್ಡಾಯವಾಯಿತು. 1891ರ ಕಾಯಿದೆಯಿಂದ ಹೆಚ್ಚಿನ ಮಕ್ಕಳಿಗೆ ಶುಲ್ಕವೂ ಇಲ್ಲವಾಯಿತು.

ಮಂಡಳಿಯ ವಾಸ್ತುಶಿಲ್ಪಿ ಇ. ಆರ್. ರಾಬ್ಸನ್ 1874ರಲ್ಲಿ ಶಾಲೆ ಕಟ್ಟುವ ಕ್ರಮದ ಬಗ್ಗೆಯೇ ಒಂದು ಪುಸ್ತಕ ಬರೆದವರು. ಚರ್ಚುಗಳಂತೆ ಚೂಪು ಕಮಾನುಗಳ ಗಾಥಿಕ್ ಶೈಲಿಯನ್ನು ಬಿಟ್ಟು, ಕೆಂಪು ಮತ್ತು ಹಳದಿ ಇಟ್ಟಿಗೆಯ, ಬಿಳಿ ಚೌಕಟ್ಟಿನ ಕಿಟಕಿಗಳ ಬೇರೆಯೇ ಶೈಲಿಯನ್ನು ಅವರು ಆಯ್ದುಕೊಂಡರು. ಇದು ದೇವಾಲಯವಲ್ಲ, ಎಲ್ಲರಿಗೂ ಸೇರಿದ ವಿದ್ಯಾಲಯ ಎಂದು ಕಟ್ಟಡವನ್ನು ನೋಡಿದೊಡನೆ ತಿಳಿಯಬೇಕೆಂಬುದು ಉದ್ದೇಶ. ಜಾಗದ ಕೊರತೆಯಿಂದ ಮೂರು ಮಹಡಿ. ಕೆಳಗೆ ಪುಟಾಣಿಗಳು, ಮೇಲೆ ಹುಡುಗರು ಮತ್ತು ಹುಡುಗಿಯರು ಬೇರೆ ಬೇರೆ. ಕೆಲವೆಡೆ ಆಟದ ಅಂಗಳವನ್ನು ತಾರಸಿಯ ಮೇಲೆಯೇ ಮಾಡಿದರು. ಆ ಎತ್ತರದ ಕಿಟಕಿಗಳು ಅಂದಕ್ಕಾಗಿ ಬಂದವಲ್ಲ. ಹೊಗೆ ಮತ್ತು ಮಂಜು ಕವಿದ ನಗರದಲ್ಲಿ ಗ್ಯಾಸ್ ದೀಪ ನಂಬಿ ಓದಿಸುವುದು ಕಷ್ಟ. ಬರೆಯುವ ಕೈಯ ನೆರಳು ಪುಸ್ತಕದ ಮೇಲೆ ಬೀಳದಂತೆ ಬೆಳಕು ಎಡಗಡೆಯಿಂದ ಬರಬೇಕೆಂದು ಲೆಕ್ಕ ಹಾಕಿ ಬೆಂಚುಗಳನ್ನು ಇಡುತ್ತಿದ್ದರು. ಒಂದು ಕೋಣೆಯಲ್ಲಿ ಅರವತ್ತು ಎಪ್ಪತ್ತು ಮಕ್ಕಳು ಉಸಿರಾಡಬೇಕಾದರೆ ಸೂರು ಎತ್ತರವಿರಲೇಬೇಕು. ಮಂಡಳಿ 1904ರಲ್ಲಿ ರದ್ದಾಗುವ ಹೊತ್ತಿಗೆ ಇಂತಹ ನಾನೂರಕ್ಕೂ ಹೆಚ್ಚು ಶಾಲೆಗಳು ಎದ್ದಿದ್ದವು.

ಇಂದು ಮನೆ ಮಾರುವವರು 'ವಿಶಾಲ ಬೆಳಕು, ಎತ್ತರದ ಸೂರು' ಎಂದು ಹೊಗಳುವುದು ಇದನ್ನೇ. ಕತ್ತಲ ಕೋಣೆಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದ ಬಡವರ ಮಕ್ಕಳಿಗೆ ದಿನಕ್ಕೆ ಐದಾರು ಗಂಟೆಯಾದರೂ ಬೆಳಕು, ಗಾಳಿ ಸಿಗಲಿ ಎಂದು ಸಾರ್ವಜನಿಕರ ತೆರಿಗೆಯಿಂದ ಕಟ್ಟಿಸಿದ ಆ ಎತ್ತರಕ್ಕೆ ಈಗ ಚದರ ಅಡಿ ಲೆಕ್ಕದಲ್ಲಿ ಬೆಲೆ ಹಚ್ಚಲಾಗಿದೆ.

ನಾವು ನೋಡಿದ ಶಾಲೆ 1980ರ ದಶಕದ ಆರಂಭದಲ್ಲಿ ಮುಚ್ಚಿತ್ತು. ಅದರ ಎದುರಿನ ರಸ್ತೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಸಿಲ್ಹೆಟಿ ಚಾಚಾ ಒಬ್ಬರು ಅಲ್ಲೇ ಓದಿದವರೆಂದು ತಿಳಿದು ಅವರೊಂದಿಗೆ ಮಾತಿಗೆ ನಿಂತೆವು. ಹತ್ತು ಹನ್ನೊಂದರ ಪ್ರಾಯದಲ್ಲಿ ಬಾಂಗ್ಲಾದೇಶದಿಂದ ಬಂದಾಗ ಅವರಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲವಂತೆ.

"ಬೇಟಾ, ನಮ್ಮ ಮನೆಯಲ್ಲಿ ಒಂದು ಕೋಣೆಗೆ ಐದು ಜನ. ಕಿಟಕಿ ತೆರೆದರೆ ಎದುರು ಗೋಡೆ. ಈ ಶಾಲೆಯ ಹಾಲಿಗೆ ಬಂದ ದಿನ ನಾನು ತಲೆ ಎತ್ತಿ ಸೂರನ್ನೇ ನೋಡುತ್ತಾ ನಿಂತಿದ್ದೆ. ಮೇಡಂ ನಗುತ್ತಾ ಕೈ ಹಿಡಿದು ಕೂರಿಸಿದರು" ಎಂದರು.

ಅದು 1970ರ ದಶಕ. ಬೀದಿಯಲ್ಲಿ ಜನಾಂಗ ದ್ವೇಷದ ಗುಂಪುಗಳ ಹಾವಳಿ ಇತ್ತು. 1978ರ ಮೇ 4ರಂದು ಅಲ್ತಾಬ್ ಅಲಿ ಎಂಬ ಬಂಗಾಳಿ ಜವಳಿ ಕಾರ್ಮಿಕನನ್ನು ವೈಟ್‌ಚಾಪೆಲ್‌ನಲ್ಲಿ ಇರಿದು ಕೊಂದ ಬಳಿಕ ಸಾವಿರಾರು ಜನ ಅವನ ಶವಪೆಟ್ಟಿಗೆಯ ಹಿಂದೆ ಮೆರವಣಿಗೆ ಹೋದರು. ಆ ದಿನಗಳಲ್ಲಿ ಹುಡುಗರು ಶಾಲೆಯ ಗೇಟಿನ ಒಳಗೆ ಒಟ್ಟು ಸೇರಿ, ಗುಂಪಾಗಿಯೇ ಮನೆಗೆ ಹೋಗುತ್ತಿದ್ದುದನ್ನು ಚಾಚಾ ನೆನೆದರು. ಗೇಟಿನ ಒಳಗೆ ಭಯವಿರಲಿಲ್ಲ, ಹೊರಗೆ ಇತ್ತು ಎಂದರು. ಈಗ ಅದೇ ಗೇಟಿಗೆ ಸಂಖ್ಯೆಯ ಬೀಗ. ಅಂಗಡಿಯಿಂದ ಸಾಮಾನು ತಲುಪಿಸಲು ಹೋಗುವ ಚಾಚಾ ಬೆಲ್ ಒತ್ತಿ, ತನ್ನ ಮುಖವನ್ನು ಕ್ಯಾಮರಾಕ್ಕೆ ತೋರಿಸಿ ಕಾಯಬೇಕು. ಕಲ್ಲಿನಲ್ಲಿ ಕೊರೆದ 'ಬಾಯ್ಸ್' ಎಂಬ ಅಕ್ಷರಗಳು ಬಾಗಿಲ ಮೇಲೆ ಇನ್ನೂ ಹಾಗೆಯೇ ಇವೆ.

ಚಾಚಾ ಯಾರನ್ನೂ ದೂರಲಿಲ್ಲ. ಶಾಲೆ ಮುಚ್ಚಿದ ಮೇಲೆ ಹತ್ತು ಹದಿನೈದು ವರ್ಷ ಕಟ್ಟಡ ಪಾಳು ಬಿದ್ದದ್ದನ್ನೂ ಅವರು ಕಂಡವರು. ಸೂರಿನ ಸೀಸದ ತಗಡನ್ನು ಕಳ್ಳರು ಕಿತ್ತೊಯ್ದಿದ್ದರು. ಪಾರಿವಾಳಗಳ ಹಿಕ್ಕೆ ಮೊಣಕಾಲೆತ್ತರ, ಗೋಡೆಯ ಬಿರುಕಿನಲ್ಲಿ ಗಿಡಗಳು. "ಮನೆ ಮಾಡಿದವರು ಕಟ್ಟಡವನ್ನು ಉಳಿಸಿದರು, ಅದನ್ನು ಹೇಳಲೇಬೇಕು" ಎಂದರು. ನಾವೂ ಒಪ್ಪುತ್ತೇವೆ. ಒಂದು ಗಟ್ಟಿ ಕಟ್ಟಡವನ್ನು ಕೆಡವಿ ಗಾಜಿನ ಗೋಪುರ ಕಟ್ಟುವುದಕ್ಕಿಂತ ಅದನ್ನೇ ಇನ್ನೊಂದು ಕೆಲಸಕ್ಕೆ ಬಳಸುವುದು ಎಷ್ಟೋ ಮೇಲು. ಇಟ್ಟಿಗೆ ಸುಟ್ಟ ಬೆಂಕಿ, ಕಲ್ಲು ಹೊತ್ತ ಬೆವರು ಎರಡೂ ವ್ಯರ್ಥವಾಗುವುದಿಲ್ಲ. ನಗರಕ್ಕೆ ಮನೆಗಳೂ ಬೇಕು. ಆ ಲಾಫ್ಟ್‌ಗಳಲ್ಲಿ ವಾಸಿಸುವ ಯುವಜನರು ಯಾರಿಗೂ ಕೇಡು ಮಾಡಿದವರಲ್ಲ. ಅವರೂ ತಿಂಗಳ ಕಂತು ಕಟ್ಟಲು ಹೆಣಗುವವರೇ.

ಹಾಗಾದರೆ ತೊಂದರೆ ಎಲ್ಲಿದೆ? ಲೆಕ್ಕದಲ್ಲಿದೆ ಎಂದು ನಮಗೆ ಅನ್ನಿಸುತ್ತದೆ.

1970 ಮತ್ತು 80ರ ದಶಕಗಳಲ್ಲಿ ಲಂಡನ್ನಿನ ಒಳಭಾಗದಲ್ಲಿ ಶಾಲಾ ಮಕ್ಕಳ ಸಂಖ್ಯೆ ಇಳಿಯಿತು. ಖಾಲಿ ಶಾಲೆ ಯಾಕೆ ಬೇಕೆಂದು ಹಲವನ್ನು ಮುಚ್ಚಿದರು, ಮಾರಿದರು. ಆದರೆ ಅದೇ ದಶಕದ ಕೊನೆಯಲ್ಲಿ, ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್‌ನಲ್ಲಿ ನೂರಾರು ಮಕ್ಕಳಿಗೆ ಯಾವ ಶಾಲೆಯಲ್ಲೂ ಜಾಗ ಸಿಗಲಿಲ್ಲ. ಅವರಲ್ಲಿ ಹೆಚ್ಚಿನವರು ಬಾಂಗ್ಲಾದೇಶಿ ಮನೆಗಳ ಮಕ್ಕಳು. ಆ ಪ್ರಕರಣ 1990ರಲ್ಲಿ ನ್ಯಾಯಾಲಯದವರೆಗೂ ಹೋಯಿತು. ಆಮೇಲೆ 2000ದ ನಂತರ ಇಡೀ ಲಂಡನ್ನಿನಲ್ಲಿ ಜನನ ಪ್ರಮಾಣ ಏರಿ, ಪ್ರಾಥಮಿಕ ಶಾಲೆಗಳಲ್ಲಿ ಜಾಗಕ್ಕಾಗಿ ಪರದಾಟವಾಯಿತು. ಆಟದ ಅಂಗಳಗಳಲ್ಲಿ ತಾತ್ಕಾಲಿಕ ಕೋಣೆ ನಿಲ್ಲಿಸಿದರು, ಇದ್ದ ಶಾಲೆಗಳಿಗೆ ಹೆಚ್ಚುವರಿ ತರಗತಿ ಸೇರಿಸಿದರು, ದುಬಾರಿ ಬೆಲೆಗೆ ಹೊಸ ನಿವೇಶನ ಹುಡುಕಿದರು. ಕೂಗಳತೆಯಲ್ಲಿ ಹಳೆಯ ಶಾಲೆಗಳು ನಿಂತೇ ಇದ್ದವು, ಆದರೆ ಅವುಗಳ ಒಳಗೆ ಅಟ್ಟ ಕಟ್ಟಿ ಆಗಿತ್ತು.

ಈಗ ಮತ್ತೆ ಇಳಿತದ ಕಾಲ. 2012ರಿಂದ 2021ರ ನಡುವೆ ಲಂಡನ್ನಿನಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ ಸುಮಾರು ಶೇಕಡಾ 17ರಷ್ಟು ಕುಸಿದಿದೆ. ಇಲ್ಲಿ ಶಾಲೆಗೆ ಸರಕಾರದ ಹಣ ಹೆಚ್ಚಾಗಿ ಮಕ್ಕಳ ತಲೆ ಎಣಿಸಿ ಬರುತ್ತದೆ. ಮೂವತ್ತು ಮಂದಿಯ ತರಗತಿಯಲ್ಲಿ ಇಪ್ಪತ್ತೇ ಮಂದಿ ಇದ್ದರೂ ಶಿಕ್ಷಕಿಯ ಸಂಬಳ ಕಡಿಮೆಯಾಗುವುದಿಲ್ಲ, ಚಳಿಗಾಲದ ಇಂಧನದ ಬಿಲ್ಲೂ ಕಡಿಮೆಯಾಗುವುದಿಲ್ಲ. ಹ್ಯಾಕ್ನಿ ಕೌನ್ಸಿಲ್ 2023ರ ಡಿಸೆಂಬರ್‌ನಲ್ಲಿ ತೀರ್ಮಾನ ತೆಗೆದುಕೊಂಡು, 2024ರ ಬೇಸಿಗೆಯಲ್ಲಿ ಡಿ ಬೋವಾ ಮತ್ತು ರ‍್ಯಾಂಡಲ್ ಕ್ರೀಮರ್ ಎಂಬ ಎರಡು ಪ್ರಾಥಮಿಕ ಶಾಲೆಗಳನ್ನು ಮುಚ್ಚಿತು. ಇನ್ನೂ ನಾಲ್ಕನ್ನು ಎರಡಾಗಿ ವಿಲೀನಗೊಳಿಸಿತು. ಈ ಕ್ರೀಮರ್ ಯಾರೆಂದು ಹುಡುಕಿದರೆ, ಬಡಗಿ ಕೆಲಸದಿಂದ ಬದುಕು ಆರಂಭಿಸಿ, ಕಾರ್ಮಿಕ ಸಂಘ ಕಟ್ಟಿ, ಸಂಸತ್ತಿಗೆ ಹೋಗಿ, 1903ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಪಡೆದವರು. ಬಡಗಿಯ ಹೆಸರು ಹೊತ್ತ ಆ ಶಾಲೆಯಲ್ಲಿ ಈಗ ಮಕ್ಕಳ ಸದ್ದಿಲ್ಲ.

ಮಕ್ಕಳು ಎಲ್ಲಿಗೆ ಹೋದರು? ಹುಟ್ಟುವವರೇ ಕಡಿಮೆಯಾದದ್ದು ನಿಜ. ಆದರೆ ಹುಟ್ಟಿದವರೂ ಇಲ್ಲಿ ನಿಲ್ಲುತ್ತಿಲ್ಲ. ಎರಡು ಮಲಗುವ ಕೋಣೆಯ ಮನೆಗೆ ಬಾಡಿಗೆ ಕೊಡಲಾಗದೆ ತಂದೆ ತಾಯಂದಿರು ಗಂಟುಮೂಟೆ ಕಟ್ಟುತ್ತಾರೆ. ಚಾಚಾರ ಮೂವರು ಮಕ್ಕಳಲ್ಲಿ ಇಬ್ಬರು ಲಂಡನ್ ಬಿಟ್ಟು ಹೊರಗಿನ ಊರುಗಳಿಗೆ ಹೋಗಿದ್ದಾರೆ. ಮೊಮ್ಮಕ್ಕಳನ್ನು ಕಾಣಲು ಅವರು ಭಾನುವಾರ ರೈಲು ಹತ್ತಬೇಕು. ಕಂಡಿರಾ ಈ ಚಕ್ರವನ್ನು? ಮನೆ ದುಬಾರಿಯಾಗಿ ಸಂಸಾರಗಳು ಹೊರಟುಹೋಗುತ್ತವೆ. ಸಂಸಾರಗಳು ಹೋದುದರಿಂದ ಶಾಲೆ ಖಾಲಿಯಾಗುತ್ತದೆ. ಖಾಲಿಯಾದ ಶಾಲೆಯನ್ನು ಮಕ್ಕಳಿಲ್ಲದವರಿಗೆ ಹೊಂದುವ ದುಬಾರಿ ಮನೆಯಾಗಿ ಮಾಡುತ್ತಾರೆ. ಇದನ್ನು ಯಾರೂ ಕೂತು ಸಂಚು ಹೂಡಿ ಮಾಡಿದ್ದಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದಾರೆ. ಒಟ್ಟು ಲೆಕ್ಕ ಮಾಡುವವರು ಮಾತ್ರ ಇಲ್ಲ.

ಇದು ಲಂಡನ್ನಿನ ಕಥೆ ಮಾತ್ರವೂ ಅಲ್ಲ. ಅಮೆರಿಕದ ಶಿಕಾಗೋದಲ್ಲಿ 2013ರ ಮೇ ತಿಂಗಳಲ್ಲಿ ಒಂದೇ ಮತದಾನದಲ್ಲಿ ಸುಮಾರು 50 ಸರಕಾರಿ ಶಾಲೆಗಳನ್ನು ಮುಚ್ಚಲು ನಿರ್ಧರಿಸಲಾಯಿತು. ಅದರಿಂದ ಬಾಧಿತರಾದ ಮಕ್ಕಳಲ್ಲಿ ಬಹುಪಾಲು ಕಪ್ಪು ಜನಾಂಗದವರು. ಅವುಗಳಲ್ಲೊಂದಾದ ಗ್ರೇಮ್ ಸ್ಟೀವರ್ಟ್ ಶಾಲೆಯ ಕಟ್ಟಡ ಇಪ್ಪತ್ತನೇ ಶತಮಾನದ ಆರಂಭದ್ದು. ಅಲ್ಲಿನ ಶಾಲಾ ಮಂಡಳಿಯ ಹೆಸರಾಂತ ವಾಸ್ತುಶಿಲ್ಪಿ ಡ್ವೈಟ್ ಪರ್ಕಿನ್ಸ್ ಅದನ್ನು ರೂಪಿಸಿದವರು. ಈಗ ಅದರ ಹೆಸರು ಸ್ಟೀವರ್ಟ್ ಸ್ಕೂಲ್ ಲಾಫ್ಟ್ಸ್. ಹೆಸರಿನಲ್ಲಿ ಸ್ಕೂಲ್ ಉಳಿದಿದೆ. ಎರಡೂ ನಗರಗಳಲ್ಲಿ ನಮಗೆ ಕಂಡದ್ದು ಒಂದೇ: ಕಟ್ಟಡದ ಮುಖವನ್ನು ಉಳಿಸಲು ಕಾನೂನಿದೆ, ಕಿಟಕಿಯ ಚೌಕಟ್ಟಿಗೂ ರಕ್ಷಣೆ ಇದೆ. ಆ ಕಿಟಕಿಯ ಒಳಗೆ ಯಾರು ಕೂರಬೇಕೆಂಬ ಬಗ್ಗೆ ಮಾತ್ರ ಸಂರಕ್ಷಣೆಯ ಕಾನೂನಿಗೆ ಹೇಳಲು ಏನೂ ಇಲ್ಲ.

ಕಟ್ಟಡಗಳು ಬದಲಾಗಲೇಬಾರದೆಂದು ನಮ್ಮ ವಾದವಲ್ಲ. ನಮ್ಮ ಮನೆಯಿಂದ ಬಸ್ಸು ಹಿಡಿದರೆ ಬ್ರಿಕ್ ಲೇನ್ ಸಿಗುತ್ತದೆ. ಅಲ್ಲಿನ ಜಾಮೆ ಮಸೀದಿಯ ಕಟ್ಟಡವನ್ನು 1743ರಲ್ಲಿ ಕಟ್ಟಿದವರು ಫ್ರಾನ್ಸಿನಿಂದ ಕಿರುಕುಳ ತಾಳದೆ ಓಡಿಬಂದ ಹ್ಯೂಗೆನಾಟ್ ಕ್ರೈಸ್ತರು. ಅದು ಅವರ ಚರ್ಚಾಗಿತ್ತು. ಮುಂದೆ ಮೆಥೊಡಿಸ್ಟರ ಪ್ರಾರ್ಥನಾಲಯವಾಯಿತು. 1898ರಲ್ಲಿ ಪೂರ್ವ ಯುರೋಪಿನಿಂದ ಬಂದ ಯಹೂದಿಗಳ ಸಿನಗಾಗ್ ಆಯಿತು. 1976ರಲ್ಲಿ ಮಸೀದಿಯಾಯಿತು. ಮೂರು ಸಲ ಒಳಗಿನ ಪ್ರಾರ್ಥನೆ ಬದಲಾಯಿತು, ಬೀದಿಗೆ ತೆರೆದ ಬಾಗಿಲು ಬದಲಾಗಲಿಲ್ಲ. ಹೆಚ್ಚಿನ ಸಲ ಆ ಬೀದಿಗೆ ಹೊಸದಾಗಿ ಬಂದವರನ್ನೇ ಅದು ಒಳಗೆ ಕರೆಯಿತು.

ಮೈಲ್ ಎಂಡ್‌ನಲ್ಲಿ ಕಾಲುವೆಯ ದಡದಲ್ಲಿ ಇನ್ನೊಂದು ಕಟ್ಟಡವಿದೆ. ಅದು ಮೂಲತಃ ಗೋದಾಮು. ಸಮಾಜ ಸೇವಕ ಬರ್ನಾರ್ಡೋ 1877ರಲ್ಲಿ ಅದನ್ನು ಹರಕು ಬಟ್ಟೆಯ ಮಕ್ಕಳಿಗೆ ಉಚಿತ ಶಾಲೆಯಾಗಿ ಮಾಡಿದರು. ಸುತ್ತಮುತ್ತ ಸಾಕಷ್ಟು ಸರಕಾರಿ ಶಾಲೆಗಳಾದ ಮೇಲೆ 1908ರಲ್ಲಿ ಅದು ಮುಚ್ಚಿತು. ಕಟ್ಟಡ ನೆಲಸಮವಾಗುವ ಭಯ ಬಂದಾಗ ಸ್ಥಳೀಯರು ಹೋರಾಡಿ ಉಳಿಸಿಕೊಂಡರು. 1990ರಿಂದ ಅದು ರ‍್ಯಾಗೆಡ್ ಸ್ಕೂಲ್ ಮ್ಯೂಸಿಯಂ. ಇಂದಿನ ಮಕ್ಕಳು ಅಲ್ಲಿಗೆ ಹೋಗಿ ಹಳೆಯ ಬೆಂಚಿನಲ್ಲಿ ಕುಳಿತು ಅಂದಿನ ಪಾಠ ಕೇಳುತ್ತಾರೆ. ಗೋದಾಮನ್ನು ಲಾಫ್ಟ್ ಮಾಡುವ ಈ ಕಾಲದಲ್ಲಿ, ಗೋದಾಮನ್ನೇ ಶಾಲೆ ಮಾಡಿದ ಕಾಲವೊಂದಿತ್ತೆಂದು ಆ ಕಟ್ಟಡ ನೆನಪಿಸುತ್ತದೆ. ನಮ್ಮ ದೊಡ್ಡ ಮಗನನ್ನು ಅಲ್ಲಿಗೆ ಕರೆದೊಯ್ದಾಗ ಅವನು ಕೇಳಿದ್ದು ಒಂದೇ: 'ಆಗ ದುಡ್ಡಿಲ್ಲದಿದ್ದರೂ ಶಾಲೆ ಮಾಡಿದರು, ಈಗ ಯಾಕೆ ಮುಚ್ಚುತ್ತಾರೆ?'

ಅವನು ಹಾಗೆ ಕೇಳಲು ಕಾರಣವಿತ್ತು. ಅವನ ಶಾಲೆಯಿಂದಲೂ ಒಂದು ಪತ್ರ ಬಂದಿತ್ತು. ಮಕ್ಕಳ ಸಂಖ್ಯೆ ಕುಸಿದಿದೆ, ಪಕ್ಕದ ಶಾಲೆಯೊಂದಿಗೆ ವಿಲೀನಗೊಳಿಸುವ ಪ್ರಸ್ತಾಪವಿದೆ, ಪೋಷಕರು ಅಭಿಪ್ರಾಯ ತಿಳಿಸಬಹುದು ಎಂದು ಬರೆದಿದ್ದರು. ಅದೂ ಬೋರ್ಡ್ ಶಾಲೆಯೇ. ಅದೇ ಎತ್ತರದ ಕಿಟಕಿ, ಅದೇ ಕಲ್ಲಿನ ಅಕ್ಷರ. ಲಾಫ್ಟ್ ಮನೆ ನೋಡಿ ಬಂದು ಎರಡು ವಾರವೂ ಆಗಿರಲಿಲ್ಲ. ಆ ಮನೆಯನ್ನು ನಾವು ಕೊಳ್ಳಲಿಲ್ಲ. ಇದರಲ್ಲಿ ತ್ಯಾಗವೇನೂ ಇಲ್ಲ. ನಮ್ಮಿಬ್ಬರ ಸಂಬಳ ಸೇರಿಸಿದರೂ ಅದು ಕೈಗೆಟಕುತ್ತಿರಲಿಲ್ಲ. ಕೊಂಡರೂ ನೆಲ ನಮ್ಮದಾಗುವುದಿಲ್ಲ, ವರ್ಷಗಳ ಲೆಕ್ಕದ ಗುತ್ತಿಗೆ ಮಾತ್ರ. ಹಳೆಯ ಕಟ್ಟಡದ ಸೂರು, ಕಿಟಕಿಗಳ ದುರಸ್ತಿಗೆಂದು ಪ್ರತಿವರ್ಷ ಕಟ್ಟಬೇಕಾದ ನಿರ್ವಹಣಾ ಶುಲ್ಕವೇ ನಮ್ಮನ್ನು ಹೆದರಿಸಿತು.

ಪೋಷಕರ ಸಭೆ ನಡೆದದ್ದು ಆ ಶಾಲೆಯ ಹಾಲಿನಲ್ಲಿ. ಸೊಮಾಲಿ ತಾಯಂದಿರು, ಬಂಗಾಳಿ ಅಜ್ಜಂದಿರು, ಪೋಲೆಂಡಿನವರು, ಇಲ್ಲೇ ಹುಟ್ಟಿ ಬೆಳೆದ ಬಿಳಿಯರು ಎಲ್ಲರೂ ಪುಟ್ಟ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಮಡಚಿ ಕುಳಿತಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ. ಆದರೆ ಎಲ್ಲರಿಗೂ ಒಬ್ಬರನ್ನೊಬ್ಬರು ಗೊತ್ತು. ಗೊತ್ತಾದದ್ದು ಹೇಗೆ? ದಿನಕ್ಕೆ ಎರಡು ಸಲ ಅದೇ ಗೇಟಿನ ಹೊರಗೆ ಮಳೆಯಲ್ಲಿ ನಿಂತು ಮಕ್ಕಳಿಗಾಗಿ ಕಾದು ಗೊತ್ತಾದದ್ದು. ಈದ್‌ನ ಮರುದಿನ ಹಂಚಿದ ತಿಂಡಿಯಿಂದ, ಯಾರಿಗಾದರೂ ತಡವಾದರೆ ಅವರ ಮಗುವನ್ನೂ ಕೈಹಿಡಿದು ಕರೆತಂದುದರಿಂದ ಗೊತ್ತಾದದ್ದು. ಇದು ಯಾವ ಲೆಕ್ಕಪತ್ರದಲ್ಲೂ ಬರುವುದಿಲ್ಲ. ಊರಿನ ಶಾಲೆಗಳಲ್ಲೂ ಇದೇ ಅಲ್ಲವೇ? ಬ್ಯಾರಿಗಳ, ಬಂಟರ, ಕ್ರೈಸ್ತರ, ದಲಿತರ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತ ಸರಕಾರಿ ಶಾಲೆಯೊಂದು ಮುಚ್ಚಿದಾಗ, ಮಕ್ಕಳಿಗೆ ಬೇರೆ ಶಾಲೆ ಸಿಗುತ್ತದೆ. ಆದರೆ ಅವರು ಒಟ್ಟಿಗೆ ಕೂರುವ ಬೆಂಚು ಇನ್ನೊಂದು ಸಿಗುತ್ತದೆಯೇ?

ಸಭೆಯಲ್ಲಿ ಅಧಿಕಾರಿಗಳು ಅಂಕಿಅಂಶ ತೋರಿಸಿದರು. ಆ ಅಂಕಿಗಳು ಸುಳ್ಳಲ್ಲ. ಇಷ್ಟು ಕಡಿಮೆ ಮಕ್ಕಳಿಂದ ಶಾಲೆ ನಡೆಸುವುದು ಕಷ್ಟವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದ್ದರಿಂದ 'ಮುಚ್ಚಬೇಡಿ' ಎಂದಷ್ಟೇ ಬರೆದು ಸುಮ್ಮನಾಗಲು ನಮಗೆ ಮನಸ್ಸು ಬರಲಿಲ್ಲ. ನಾಲ್ಕಾರು ಮನೆಯವರು ಕೂಡಿ ಒಂದು ಪತ್ರ ಬರೆದೆವು. ಅದರ ತಿರುಳು ಇಷ್ಟು: ವಿಲೀನ ಅನಿವಾರ್ಯವಾದರೆ ಆಗಲಿ, ಆದರೆ ಕಟ್ಟಡವನ್ನು ಮಾರಬೇಡಿ. ಹತ್ತು ಇಪ್ಪತ್ತು ವರ್ಷಗಳ ಬಾಡಿಗೆಗೆ ಕೊಡಿ. ಶಿಶುವಿಹಾರಕ್ಕೆ, ವಯಸ್ಕರ ಇಂಗ್ಲಿಷ್ ತರಗತಿಗೆ, ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ. ಮನೆಗಳನ್ನೇ ಮಾಡಬೇಕೆಂದಿದ್ದರೆ ಕೌನ್ಸಿಲ್ ತಾನೇ ಮಾಡಲಿ. ಅಟ್ಟದ ಮೇಲೊಂದು ಹಾಸಿಗೆಯ ಮನೆಗಳ ಬದಲು ಬಾಗಿಲು ಹಾಕಬಹುದಾದ ಎರಡು ಮೂರು ಕೋಣೆಗಳ, ಮಕ್ಕಳಿರುವ ಸಂಸಾರಗಳಿಗೆ ಎಟಕುವ ಬಾಡಿಗೆಯ ಮನೆಗಳಾಗಲಿ. ಕೆಳಗಿನ ಹಾಲ್ ಮತ್ತು ಅಂಗಳ ಬೀದಿಯವರಿಗೆ ತೆರೆದಿರಲಿ. ಮಕ್ಕಳ ಸಂಖ್ಯೆ ಈ ಹಿಂದೆ ಎರಡು ಸಲ ಇಳಿದಿದೆ, ಒಂದು ಸಲ ಏರಿದೆ. ಇನ್ನೊಮ್ಮೆ ಏರಿದಾಗ ನಿಮ್ಮ ಕೈಯಲ್ಲಿ ಕೀಲಿಕೈ ಇರಲಿ.

ಪತ್ರವನ್ನು ಊರಿಗೆ ಫೋನಿನಲ್ಲಿ ಓದಿ ಹೇಳಿದಾಗ ಉಮ್ಮನಿಗೆ ಅದರಲ್ಲೇನೂ ದೊಡ್ಡ ವಿಷಯ ಕಾಣಲಿಲ್ಲ. "ಇದನ್ನು ಬರೆದು ಹೇಳಬೇಕಾ?" ಎಂದರು. ಬರೆದೇ ಹೇಳಬೇಕಾಗಿದೆ. ಒಂದು ತಲೆಮಾರು ತೆರಿಗೆ ಕೊಟ್ಟು ಕಟ್ಟಿದ್ದನ್ನು ಇನ್ನೊಂದು ತಲೆಮಾರು ಮಾರಿದರೆ, ಮೂರನೆಯ ತಲೆಮಾರು ಅದಕ್ಕೆ ಎರಡನೇ ಸಲ ಹಣ ತೆರಬೇಕಾಗುತ್ತದೆ. ಲಂಡನ್ ಒಮ್ಮೆ ತೆತ್ತಿದೆ.

ಕೌನ್ಸಿಲ್ಲಿನಿಂದ ಉತ್ತರ ಇನ್ನೂ ಬಂದಿಲ್ಲ. ಪತ್ರ ತಲುಪಿದೆ ಎಂಬ ರಸೀದಿ ಮಾತ್ರ ಬಂದಿದೆ. ಮಗನ ಶಾಲೆಯಲ್ಲಿ ಈ ವರ್ಷದ ತರಗತಿಗಳು ನಡೆಯುತ್ತಿವೆ. ಬೆಳಿಗ್ಗೆ ಒಂಬತ್ತಕ್ಕೆ ಗೇಟು ತೆರೆಯುತ್ತದೆ. ಸದ್ಯಕ್ಕೆ ಅದಕ್ಕೆ ಸಂಖ್ಯೆಯ ಬೀಗವಿಲ್ಲ.